ಟ್ರ್ಯಾಕಿಗಿಂತ ಕಾಫಿ ಕಣದಲ್ಲೇ ಅಪಾಯ ಹೆಚ್ಚು

ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಪುಟ್ಟ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಪರ್ಧೆಗಳಲ್ಲಿ ಸ್ಕಿಡ್‌ಪ್ಯಾಡ್ ಎಂಬ ಸುತ್ತೊಂದಿದೆ. 8ರ ಆಕಾರದಲ್ಲಿ ಎರಡು ವೃತ್ತ. ಒಳವ್ಯಾಸ 15.25 ಮೀಟರ್, ಹೊರವ್ಯಾಸ 21.25 ಮೀಟರ್, ನಡುವೆ 3 ಮೀಟರ್ ಅಗಲದ ದಾರಿ, ಎರಡು ಕೇಂದ್ರಗಳ ಅಂತರ 18.25 ಮೀಟರ್. ಕೂಡಿ ಕಳೆದು ನೋಡಿದರೆ 40 ಮೀಟರ್ ಉದ್ದ, 22 ಮೀಟರ್ ಅಗಲದ ಸಮತಟ್ಟು ನೆಲ ಬೇಕು. ಕೊಡಗಿನಲ್ಲಿ ಅಷ್ಟು ದೊಡ್ಡ, ಗುಂಡಿಯಿಲ್ಲದ ಸಿಮೆಂಟ್ ನೆಲ ಸಿಗುವುದು ದೊಡ್ಡ ತೋಟಗಳ ಕಾಫಿ ಒಣಗಿಸುವ ಕಣದಲ್ಲಿ.

ರೊಬಸ್ಟಾ ಒಣಗಿ ಚೀಲ ಸೇರುವ ಹೊತ್ತಿಗೆ ಮಾರ್ಚ್ ಮುಗಿದಿರುತ್ತದೆ. ಜೂನ್‌ಗೆ ಮಳೆ ಹಿಡಿಯುತ್ತದೆ. ಕಣ ಖಾಲಿಯಾಗಿಯೂ ಒಣಗಿಯೂ ಇರುವುದು ಏಪ್ರಿಲ್, ಮೇ. ಆಮೇಲೆ ಮಳೆ ಹಿಂದೆ ಸರಿದು ಅರೇಬಿಕಾ ಕೊಯ್ಲು ಶುರುವಾಗುವ ತನಕದ ಕೆಲವು ವಾರ. ಇತ್ತ ನಮ್ಮ ದೇಶದ ಇಂಥ ಸ್ಪರ್ಧೆ ಫಾರ್ಮುಲಾ ಭಾರತ್ ನಡೆಯುವುದು ಸಾಮಾನ್ಯವಾಗಿ ಜನವರಿಯಲ್ಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಕಾರು ಕೊನೆಗೂ ಸಿದ್ಧವಾಗಿ ಓಡಿಸಲು ಜಾಗ ಬೇಕೇ ಬೇಕು ಎನ್ನುವ ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ. ಆಗ ಕಣ್ಣು ಹೋಗುವುದು ತೋಟದ ರಸ್ತೆಯ ಕಡೆಗೆ. ಒಂದು ಬದಿ ಧರೆ, ಇನ್ನೊಂದು ಬದಿ ಸಿಲ್ವರ್ ಓಕ್ ಸಾಲು, ಅದಕ್ಕೆ ಹಬ್ಬಿದ ಕರಿಮೆಣಸು.

ಪೊನ್ನಂಪೇಟೆ, ಕುಶಾಲನಗರಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ ಓದಿ ರಜೆಗೆ ಮನೆಗೆ ಬರುವವರೂ ಬಹಳ. ಜೀಪು ರಿಪೇರಿ ನೋಡುತ್ತಲೇ ಬೆಳೆದ ಮಕ್ಕಳಿಗೆ ಇಂಥ ಸ್ಪರ್ಧೆಗಳ ಸೆಳೆತ ಇರುವುದು ಸಹಜ. ಸ್ಪರ್ಧೆಗಳೇನೂ ಹೊಸವಲ್ಲ: ಎಸ್‌ಎಇ ಎಂಬ ವಾಹನ ಇಂಜಿನಿಯರುಗಳ ಸಂಘದ ಫಾರ್ಮುಲಾ ಎಸ್‌ಎಇ ಅಮೆರಿಕದಲ್ಲಿ 1981ರಿಂದ, ಗುಡ್ಡ, ಕೆಸರಿನಲ್ಲಿ ಓಡಿಸುವ ಕಾರುಗಳ ಬಾಹಾ 1976ರಿಂದ ನಡೆದಿವೆ, ಬಾಹಾ ಎಸ್‌ಎಇಇಂಡಿಯಾ 2007ರಲ್ಲಿ ಇಂದೋರ್ ಬಳಿಯ ಪೀತಂಪುರದಲ್ಲಿ ಶುರುವಾಯಿತು. ಇಷ್ಟು ವರ್ಷಗಳಲ್ಲಿ ನಿಯಮಾವಳಿ ನೂರಾರು ಪುಟಕ್ಕೆ ಬೆಳೆದಿದೆ. ಸ್ಪರ್ಧೆಯ ಅಂಗಳದಲ್ಲಿ ಮಾರ್ಷಲ್ ಇರುತ್ತಾರೆ, ಆಂಬುಲೆನ್ಸ್ ಇರುತ್ತದೆ, ಸ್ಕ್ರುಟಿನಿ ಎಂಬ ತಾಂತ್ರಿಕ ತಪಾಸಣೆಯ ಸ್ಟಿಕರ್ ಅಂಟದ ಕಾರು ಗೇಟು ದಾಟುವುದಿಲ್ಲ. ಆದರೆ ಆ ಕಾರು ತನ್ನ ಜೀವಮಾನದಲ್ಲಿ ಸ್ಪರ್ಧೆಯ ಅಂಗಳದಲ್ಲಿ ಇರುವುದು ನಾಲ್ಕೈದು ದಿನ. ಉಳಿದ ತಿಂಗಳುಗಳೆಲ್ಲ ಶೆಡ್ಡಿನಲ್ಲಿ, ಕಣದಲ್ಲಿ, ಪಿಕಪ್ಪಿನ ಹಿಂಬದಿಯಲ್ಲಿ. ಅಲ್ಲಿಗೆ ನಿಯಮ ಕಾಲಿಡುವುದೇ ಇಲ್ಲ. ಕಾರಿನ ವಿನ್ಯಾಸಕ್ಕೆ ಅಂಕ ಹಾಕುವ ತೀರ್ಪುಗಾರರೂ ಆ ತಿಂಗಳುಗಳ ಬಗ್ಗೆ ಕೇಳುವುದು ಕಡಿಮೆ. ಸುರಕ್ಷತೆ, ತೀರ್ಪು ಎರಡನ್ನೂ ಸುಧಾರಿಸಲು ಹಿಡಿಯಬೇಕಾದ ಎಳೆ ಇದೇ.

ಸೆಕೆಂಡಿಗೆ 7 ಮೀಟರ್

ಕಾರಿನ ಮೂತಿಯಲ್ಲಿ ಡಿಕ್ಕಿಯ ಹೊಡೆತ ನುಂಗುವ ಇಂಪ್ಯಾಕ್ಟ್ ಅಟೆನ್ಯುಯೇಟರ್ ಇರುತ್ತದೆ. ಫೋಮಿನದ್ದೋ ಜೇನುಗೂಡಿನಂಥ ಅಲ್ಯೂಮಿನಿಯಂ ಹಾಳೆಯದ್ದೋ ಒಂದು ಇಟ್ಟಿಗೆ. ಕನಿಷ್ಠ 200 ಮಿ.ಮೀ. ಉದ್ದ, 200 ಅಗಲ, 100 ಎತ್ತರ. ಅದರ ಹಿಂದೆ 1.5 ಮಿ.ಮೀ. ಉಕ್ಕಿನ ಅಥವಾ 4 ಮಿ.ಮೀ. ಅಲ್ಯೂಮಿನಿಯಂ ತಗಡು. ನಿಯಮದ ಪ್ರಕಾರ 300 ಕೆ.ಜಿ. ತೂಕ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗಟ್ಟಿ ಗೋಡೆಗೆ ಬಡಿದಾಗ ಇದು ಕುಸಿದು ಕನಿಷ್ಠ 7,350 ಜೂಲ್ ನುಂಗಬೇಕು. ಸರಾಸರಿ ನಿಧಾನಿಕೆ 20 ಜಿ (ಗುರುತ್ವದ 20 ಪಟ್ಟು), ಗರಿಷ್ಠ 40 ಜಿ ಮೀರಬಾರದು. 20 ಜಿಯಲ್ಲಿ ಆ ವೇಗದಿಂದ ನಿಲ್ಲಲು 12–13 ಸೆಂ.ಮೀ. ಕುಸಿತ ಬೇಕಾಗುತ್ತದೆ, 200 ಮಿ.ಮೀ. ಉದ್ದದ ಇಟ್ಟಿಗೆಯಲ್ಲಿ ಅಷ್ಟಕ್ಕೆ ಜಾಗ ಇದೆ, ಅದಕ್ಕಿಂತ ಬಹಳ ಹೆಚ್ಚಿಗೆ ಇಲ್ಲ.

ಸೆಕೆಂಡಿಗೆ 7 ಮೀಟರ್ ಅಂದರೆ ಗಂಟೆಗೆ 25 ಕಿ.ಮೀ. ಒಳ್ಳೆಯ ಕಾರು 75 ಮೀಟರಿನ ಆಕ್ಸಿಲರೇಷನ್ ಓಟ ಮುಗಿಸುವಾಗ 100 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ವೇಗ ನಾಲ್ಕು ಪಟ್ಟು, ಚಲನಶಕ್ತಿ ಸುಮಾರು 16 ಪಟ್ಟು. ಜತೆಗೆ ಪರೀಕ್ಷೆ ನಡೆಯುವುದು ಚಪ್ಪಟೆ ಗೋಡೆಗೆ. ಸಿಲ್ವರ್ ಓಕ್ ಗೋಡೆಯಲ್ಲ, ಕಂಬ. ಮೂತಿಯ ನಟ್ಟನಡುವೆ ಬಡಿಯದೆ ಒಂದು ಗೇಣು ಆಚೆ ಬಡಿದರೆ ಅಟೆನ್ಯುಯೇಟರಿಗೆ ಕೆಲಸವೇ ಬೀಳದೆ, ಮರ ನೇರ ಸಸ್ಪೆನ್ಷನ್ ತೋಳುಗಳ ಮೂಲಕ ಚಾಲಕನ ಕಾಲಿನ ಕಡೆ ಬರುತ್ತದೆ. ಸ್ಪರ್ಧೆಯಲ್ಲಿ ಈ ಪುಟ್ಟ ಇಟ್ಟಿಗೆ ಸಾಕಾಗುವುದಕ್ಕೆ ಕಾರಣ ಟ್ರ್ಯಾಕಿನ ವಿನ್ಯಾಸ. ಎಂಡ್ಯೂರೆನ್ಸ್ ಎಂಬ ದೂರದ ಓಟದ ದಾರಿಯಲ್ಲಿ ನೇರ ಓಟ 60–80 ಮೀಟರ್ ದಾಟದಂತೆ ತಿರುವು ಇಟ್ಟಿರುತ್ತಾರೆ, ಸರಾಸರಿ ವೇಗ 50 ಕಿ.ಮೀ. ಸುತ್ತಮುತ್ತ ಇರುವಂತೆ ನೋಡಿಕೊಳ್ಳುತ್ತಾರೆ, ಸುತ್ತ ಬಡಿಯಲು ರಬ್ಬರ್ ಕೋನು ಬಿಟ್ಟು ಬೇರೇನೂ ಇಡುವುದಿಲ್ಲ. ಕಾರಿನ ಅರ್ಧ ಸುರಕ್ಷತೆ ನೆಲದಲ್ಲಿದೆ. ತೋಟದ ರಸ್ತೆಗೆ ಇಳಿಸಿದ ಗಳಿಗೆಯಲ್ಲಿ ಆ ಅರ್ಧ ಕಳಚಿ ಬೀಳುತ್ತದೆ. ಸ್ಕ್ರುಟಿನಿ ಪಾಸಾದ ಕಾರು ಎಂಬ ಧೈರ್ಯದಲ್ಲಿ ಹೀಗೆ ಓಡಿಸುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳುವ ಒಂದು ಪುಟ ನಿಯಮಾವಳಿಯಲ್ಲಿ ಇರಬೇಕಿತ್ತು.

ಪೈಪು, ಬೆಸುಗೆ, ಬೋಲ್ಟು

ಚಾಲಕನ ತಲೆಯ ಹಿಂದಿನ ಕಮಾನು, ಮೇನ್ ಹೂಪ್, 25.4 ಮಿ.ಮೀ. ಹೊರವ್ಯಾಸ, 2.4 ಮಿ.ಮೀ. ದಪ್ಪದ ಪೈಪು ಅಥವಾ 25 × 2.5. ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಒಂದಿಂಚು ಪೈಪು’ ಅಂದರೆ ಕೈಗೆ ಬರುವುದು 2 ಮಿ.ಮೀ. ದಪ್ಪದ್ದೂ ಆಗಿರಬಹುದು, ಅದಕ್ಕಿಂತ ತೆಳುವೂ ಆಗಿರಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ವರ್ನಿಯರ್‌ಗೆ ಕಾಣುತ್ತದೆ. ಬಗ್ಗಿಸಿ ಬೆಸೆದ ಮೇಲೆ ಅಲ್ಟ್ರಾಸೋನಿಕ್ ಗೇಜಿಗೆ ಮಾತ್ರ. ಪೈಪು ಕೊಳ್ಳುವಾಗಲೇ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಕತ್ತರಿಸಿದ ಪ್ರತಿ ಗಾತ್ರದಿಂದ ಒಂದು ಗೇಣಿನ ತುಂಡು ಎತ್ತಿಟ್ಟರೆ ಸ್ಪರ್ಧೆಯ ದಿನದ ಅರ್ಧ ವಾಗ್ವಾದ ತಪ್ಪುತ್ತದೆ. ಜಿ.ಐ. ಪೈಪನ್ನು ಮುಟ್ಟಲೇಬಾರದು, ಬೆಸುಗೆಯ ಶಾಖಕ್ಕೆ ಸತು ಹೊಗೆಯಾಗಿ, ಬೆಸೆದವನಿಗೆ ಆ ರಾತ್ರಿಯೇ ಚಳಿಜ್ವರ ಹಿಡಿಯುತ್ತದೆ.

ಬೆಲೆಬಾಳುವ ಕ್ರೋಮೊಲಿ ಎಂಬ ಮಿಶ್ರ ಉಕ್ಕಿನ ಪೈಪು ತಂದರೆ ತೆಳ್ಳಗಿನದ್ದು ಹಾಕಬಹುದು ಎಂಬ ನಂಬಿಕೆಯೂ ಉಂಟು. ನಿಯಮ ಅದನ್ನು ಒಪ್ಪುವುದಿಲ್ಲ. ಉಕ್ಕು ಯಾವುದೇ ಇರಲಿ, ಬೆಸುಗೆಯ ನಂತರ ಅದು ಮರಳಿ ನೆಟ್ಟಗಾಗದಂತೆ ಬಾಗತೊಡಗುವ ಒತ್ತಡ (ಯೀಲ್ಡ್) 180 ಮೆಗಾಪ್ಯಾಸ್ಕಲ್ ಎಂದೇ ಲೆಕ್ಕ ಹಿಡಿಯಬೇಕು, ಯಾಕೆಂದರೆ ಬೆಸುಗೆಯ ಪಕ್ಕದಲ್ಲಿ ಶಾಖ ತಿಂದ ಲೋಹ ಮೊದಲಿನ ಲೋಹವಾಗಿ ಉಳಿದಿರುವುದಿಲ್ಲ. ಬದಿಯ ಡಿಕ್ಕಿ ತಡೆಯುವ ಭಾಗದ 1.6 ಮಿ.ಮೀ. ಪೈಪನ್ನು ಟಿಗ್ ಎಂಬ ನಾಜೂಕಿನ ಬೆಸುಗೆಯಲ್ಲಿ 60 ಆಂಪಿಯರ್ ಆಸುಪಾಸಿನಲ್ಲಿ ಬೆಸೆಯುತ್ತಾರೆ. ಅದನ್ನೇ ಜೀಪಿನ ಚಾಸಿಗೆ ಪಟ್ಟಿ ಹಾಕುವ ದಪ್ಪ ರಾಡಿನ ಆರ್ಕ್ ವೆಲ್ಡಿಂಗಿಗೆ ಕೊಟ್ಟರೆ ಒಂದೋ ತೂತು, ಇಲ್ಲವೇ ಮೇಲೆ ಉಬ್ಬಿ ಒಳಗೆ ಕೂಡದ ಬೆಸುಗೆ. ಇನ್ನೂ ಕೆಟ್ಟದ್ದು ಆ ಉಬ್ಬನ್ನು ಗ್ರೈಂಡರಿನಲ್ಲಿ ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಯುವುದು. ನೋಡಲು ಚಂದ. ಆದರೆ ಉಜ್ಜಿ ತೆಗೆದದ್ದು ಬೆಸುಗೆಯ ಲೋಹವನ್ನೇ, ಮತ್ತು ಬಣ್ಣದಡಿಯಲ್ಲಿ ಬಿರುಕು ಬೆಳೆದರೂ ಕಾಣುವುದಿಲ್ಲ. ಬೆಸೆದ ಪ್ರತಿ ಕೂಡುಭಾಗದ ಫೋಟೊವನ್ನು ಬಣ್ಣಕ್ಕೆ ಮುಂಚೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಸಲ್ಲಿಸಬೇಕು ಎಂದು ನಿಯಮ ಬಂದರೆ ಬೇಕಾಗುವುದು ಕೈಯಲ್ಲಿರುವ ಮೊಬೈಲ್ ಫೋನ್ ಮಾತ್ರ. ಸ್ಟ್ರಕ್ಚರಲ್ ಇಕ್ವಿವಲೆನ್ಸಿ ಎಂಬ ದೊಡ್ಡ ಎಕ್ಸೆಲ್ ಹಾಳೆಯನ್ನು ತಿಂಗಳುಗಳ ಮುಂಚೆಯೇ ಕೇಳುವ ಸಂಘಟಕರು ಬೆಸುಗೆಯ ಫೋಟೊ ಕೇಳಲು ಹಿಂಜರಿಯಬೇಕಿಲ್ಲ. ಹಾಳೆಯಲ್ಲಿರುವುದು ಕಟ್ಟಬೇಕೆಂದಿದ್ದ ಚೌಕಟ್ಟು. ಫೋಟೊದಲ್ಲಿ ಕಟ್ಟಿದ್ದು ಕಾಣುತ್ತದೆ.

ಈಗ ಒಂದೇ ಒಂದು ಬೋಲ್ಟನ್ನು ಹತ್ತಿರದಿಂದ ನೋಡೋಣ. ಮುಂದಿನ ಚಕ್ರದ ಕೆಳಗಿನ ತೋಳು, ಅದರ ತುದಿಯ ಗೋಲಕೀಲು (ರಾಡ್ ಎಂಡ್), 8 ಮಿ.ಮೀ.ನ ಎಂ8 ಬೋಲ್ಟು. ತಲೆಯ ಮೇಲೆ 8.8 ಎಂಬ ಗುರುತು ಇರಬೇಕು. ಗುಂಡುತಲೆಯ ಅಲೆನ್ ಬೋಲ್ಟು ಇಲ್ಲಿ ನಿಷಿದ್ಧ. ನೈಲಾನ್ ಲಾಕ್‌ನಟ್ಟಿನ ಆಚೆ ಎರಡು ಪೂರ್ತಿ ಎಳೆ ಹೊರಗೆ ಕಾಣಬೇಕು. ನೈಲಾನಿನ ಒಳಗೇ ಮುಗಿದ ಬೋಲ್ಟು ಲಾಕ್ ಆದಂತಲ್ಲ. ರಾಡ್ ಎಂಡಿನ ಗೋಲ ಸವೆದು ಗೂಡಿನಿಂದ ಕಳಚಿದರೂ ತೋಳು ಬೇರ್ಪಡದ ಹಾಗೆ ಇಕ್ಕೆಲದಲ್ಲೂ ಹಿಡಿತ ಇರಬೇಕು, ಇಲ್ಲವೇ ಗೂಡಿನ ಬಾಯಿಗಿಂತ ದೊಡ್ಡ ವಾಷರ್ ಇರಬೇಕು. ಬಿಗಿ ಸುಮಾರು 25 ನ್ಯೂಟನ್ ಮೀಟರ್. ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿಗೆ ಪೇಂಟ್ ಪೆನ್ನಿನಲ್ಲಿ ಒಂದು ಬಿಳಿ ಗೆರೆ. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಎಂದರ್ಥ. ಇದೇ ನೈಲಾನ್ ನಟ್ಟನ್ನು ಬ್ರೇಕ್ ಡಿಸ್ಕಿನ ಬಳಿಯೋ ಸೈಲೆನ್ಸರ್ ಬಳಿಯೋ ಹಾಕಿದರೆ ನೈಲಾನ್ ಕರಗಿ ಅದು ಬರೀ ನಟ್ಟಾಗುತ್ತದೆ. ಅಲ್ಲಿ ಪೂರ್ತಿ ಲೋಹದ ಲಾಕ್‌ನಟ್ಟು ಅಥವಾ ಸೇಫ್ಟಿ ವೈರ್. ಒಮ್ಮೆ ಬಿಚ್ಚಿದ ನೈಲಾನ್ ನಟ್ಟನ್ನು ಎಸೆಯಬೇಕು. ಒಂದು ಕಾರಿನಲ್ಲಿ ಇಂಥ ನಿರ್ಣಾಯಕ ಬೋಲ್ಟು ನೂರು ದಾಟುತ್ತವೆ; ಪರೀಕ್ಷಕ ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮುಟ್ಟಿ ನೋಡಬಲ್ಲ. ಉಳಿದವನ್ನು ನೋಡಬೇಕಾದವರು ತಂಡದವರೇ, ಅದೂ ಪ್ರತಿ ಓಟದ ಮುನ್ನ.

ಸೀಟ್‌ಬೆಲ್ಟಿನಲ್ಲಿ ಜನ ಎಡವುವುದು ಎರಡು ಕಡೆ. ಭುಜದ ಪಟ್ಟಿ ಹಿಂದಕ್ಕೆ ಹೋಗುವ ಕೋನ ಸಮತಲಕ್ಕಿಂತ 10 ಡಿಗ್ರಿ ಮೇಲಿನಿಂದ 20 ಡಿಗ್ರಿ ಕೆಳಗಿನವರೆಗೆ ಇರಬಹುದು. ಅದಕ್ಕಿಂತ ಕೆಳಗಿಳಿದರೆ ಡಿಕ್ಕಿಯಲ್ಲಿ ಪಟ್ಟಿ ಭುಜವನ್ನು ಕೆಳಗೊತ್ತಿ ಬೆನ್ನುಮೂಳೆ ಹಿಸುಕುತ್ತದೆ. ಕುಳ್ಳ ಚಾಲಕಿಗೆ ಸರಿಯಾದ ಕೋನ ಎತ್ತರದ ಚಾಲಕನಿಗೆ ತಪ್ಪಾಗಬಹುದು, ಆದ್ದರಿಂದ ಪ್ರತಿ ಚಾಲಕರನ್ನೂ ಕೂರಿಸಿ ಅಳೆಯಬೇಕು. ಎರಡನೆಯದು ವಯಸ್ಸು. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಒಪ್ಪಿದ ಪಟ್ಟಿಗೆ ಅವಧಿ ಮುಗಿಯುವ ವರ್ಷ ಹೊಲಿದಿರುತ್ತದೆ. ಹಿರಿಯ ತಂಡ ಬಿಟ್ಟುಹೋದ ಪಟ್ಟಿಯನ್ನು ಮುಂದಿನ ತಂಡ ಹಾಕುವುದು, ಶೆಡ್ಡಿನ ತೇವಕ್ಕೆ ಅದರ ಬಕಲ್ ತುಕ್ಕು ಹಿಡಿಯುವುದು ಹೊಸದಲ್ಲ. ಸ್ಪರ್ಧೆಗೆ ಹೊಸ ಪಟ್ಟಿ, ಅಭ್ಯಾಸಕ್ಕೆ ಹಳೆಯದು ಎಂಬ ಜಾಣತನವನ್ನು ತಡೆಯುವ ನಿಯಮ ಸದ್ಯಕ್ಕೆ ಇಲ್ಲ.

ಮಳೆ ಬಿಟ್ಟರೂ ಮರದ ಹನಿ ಬಿಡದು

ಸ್ಪರ್ಧೆಗಿಳಿಯುವ ವಿದ್ಯುತ್ ಕಾರಿನ ಗರಿಷ್ಠ ವೋಲ್ಟೇಜ್ 600, ಗರಿಷ್ಠ ಶಕ್ತಿ 80 ಕಿಲೋವ್ಯಾಟ್. ಹೈ ವೋಲ್ಟೇಜ್ ಎಲ್ಲಾದರೂ ಚಾಸಿಗೆ ಸೋರಿದರೆ ಹಿಡಿಯಲು ಇನ್ಸುಲೇಷನ್ ಮಾನಿಟರ್ ಇರುತ್ತದೆ. ಪ್ರತಿ ವೋಲ್ಟಿಗೆ 500 ಓಮ್ ಎಂಬುದು ಅದರ ಗಡಿ. 400 ವೋಲ್ಟಿನ ಕಾರಿನಲ್ಲಿ ರೋಧ 200 ಕಿಲೋ ಓಮಿಗಿಂತ ಕೆಳಗಿಳಿದರೆ ಶಟ್‌ಡೌನ್ ಸರ್ಕ್ಯೂಟ್ ತೆರೆದು, ರಿಲೇಗಳು ಬಿದ್ದು, ಬ್ಯಾಟರಿಯ ಸಂಪರ್ಕ ಕಡಿಯುತ್ತದೆ. ಸ್ಪರ್ಧೆಯಲ್ಲಿ ಮಳೆ ಪರೀಕ್ಷೆ ಮಾಡುತ್ತಾರೆ: 120 ಸೆಕೆಂಡ್ ನೀರು ಸಿಂಪಡಿಸಿ, ಇನ್ನೂ 120 ಸೆಕೆಂಡ್ ಕಾಯುತ್ತಾರೆ. ಅಷ್ಟರಲ್ಲಿ ಮಾನಿಟರ್ ಟ್ರಿಪ್ ಆಗದಿದ್ದರೆ ಪಾಸು.

ಕೊಡಗಿನ ಮಳೆಗಾಲ ಕಂಡವರಿಗೆ 4 ನಿಮಿಷದ ಈ ಪರೀಕ್ಷೆ ನಗು ತರಿಸೀತು. ಆಷಾಢ, ಶ್ರಾವಣದ ತೇವ ಸುರಿಯುವ ನೀರಿನಂತಲ್ಲ. ಹಗಲು ಬೆಚ್ಚಗಾದ ಬ್ಯಾಟರಿ ಪೆಟ್ಟಿಗೆ ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ಮುಚ್ಚಳದ ಒಳಮೈಯಲ್ಲಿ ಹನಿಯಾಗಿ, ಸರ್ಕ್ಯೂಟ್ ಬೋರ್ಡಿನ ಮೇಲೆ ತೊಟ್ಟಿಕ್ಕುತ್ತದೆ. ಹೊರಗಿನ ಸೀಲ್ ಎಷ್ಟು ಗಟ್ಟಿಯೋ ಒಳಗಿನ ತೇವ ಹೊರಹೋಗುವುದು ಅಷ್ಟು ಕಷ್ಟ. ಇದಕ್ಕೆ ಮದ್ದು ಉಸಿರಾಡುವ ವೆಂಟ್ ಪ್ಲಗ್, ಬೋರ್ಡಿಗೆ ತೇವ ತಡೆಯುವ ಕನ್ಫಾರ್ಮಲ್ ಲೇಪ, ಪೆಟ್ಟಿಗೆಯಲ್ಲಿ ವಾರಕ್ಕೊಮ್ಮೆ ಬದಲಿಸುವ ಸಿಲಿಕಾ ಜೆಲ್. ಅದಕ್ಕಿಂತ ಮುಖ್ಯ, ಕಾರು ಎಬ್ಬಿಸುವ ಮುನ್ನ ಪ್ರತಿ ಬೆಳಗ್ಗೆ ಇನ್ಸುಲೇಷನ್ ರೋಧ ಅಳೆದು ಬರೆದಿಡುವುದು. 250 ವೋಲ್ಟಿಗಿಂತ ಮೇಲಿನ ಕಾರಿಗೆ 500 ವೋಲ್ಟಿನ ಮೆಗ್ಗರ್ ಎಂಬ ರೋಧಮಾಪಕ, ನಿಯಮದಲ್ಲಿ ಹೇಳಿದ ಅಳತೆಬಿಂದುಗಳಲ್ಲಿ ಮಾತ್ರ. ನಿನ್ನೆ 5 ಮೆಗಾ ಓಮ್ ತೋರಿಸಿದ್ದು ಇವತ್ತು 600 ಕಿಲೋ ಓಮ್ ತೋರಿಸಿದರೆ ಟ್ರಿಪ್ ಆಗಿಲ್ಲ, ನಿಜ, ಆದರೆ ಎಲ್ಲೋ ನೀರು ಸೇರಿದೆ. ಪಾಸು–ಫೇಲು ಮಾತ್ರ ನೋಡುವ ಪರೀಕ್ಷೆಗೆ ಈ ಇಳಿಜಾರು ಕಾಣುವುದಿಲ್ಲ.

ಟ್ರಿಪ್ ಆದಾಗ ಮಾಡುವ ತಪ್ಪು ಇನ್ನೂ ದೊಡ್ಡದು. ಅಭ್ಯಾಸದ ದಿನ ಹಾಳಾಗಬಾರದೆಂದು ಮಾನಿಟರಿನ ಸಂಪರ್ಕಕ್ಕೆ ಒಂದು ತಂತಿ ಜಂಪರ್ ಹಾಕಿ ‘ಆಮೇಲೆ ನೋಡೋಣ’ ಅನ್ನುವುದು. ಆ ತಂತಿಯನ್ನು ಮರೆಯುವುದು ಸುಲಭ. ಇಂಥ ಕಾವಲು ಇನ್ನೂ ಇವೆ. ಆಕ್ಸಿಲರೇಟರ್ ಪೆಡಲಿನ ಎರಡು ಸೆನ್ಸರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ 100 ಮಿಲಿಸೆಕೆಂಡ್ ದಾಟಿದರೆ ಮೋಟಾರಿನ ಶಕ್ತಿ ಕಡಿಯಬೇಕು. ಗಟ್ಟಿಯಾಗಿ ಬ್ರೇಕ್ ಒತ್ತಿರುವಾಗ ಮೋಟಾರಿಗೆ 5 ಕಿಲೋವ್ಯಾಟ್ ಮೀರಿ ಹರಿಯುತ್ತಿದ್ದರೆ ಅರ್ಧ ಸೆಕೆಂಡಿನಲ್ಲಿ ಸರ್ಕ್ಯೂಟ್ ತೆರೆಯಬೇಕು. ಇವು ಕಿರಿಕಿರಿ ಮಾಡುವ ನಿಯಮಗಳೇ, ಆದರೆ ಚಾಲಕನ ಕಾಲು ಹೇಳಿದ್ದನ್ನು ಕಾರು ಕೇಳದಾಗ ಕೊನೆಗೆ ಉಳಿಯುವುದು ಇವೇ. ಇವನ್ನು ತಪ್ಪಿಸಿ ಒಂದೇ ಒಂದು ಮೀಟರ್ ಕೂಡ ಓಡಿಸಬಾರದು.

ಪೆಟ್ರೋಲ್ ಕಾರಿನವರಿಗೂ ನಮ್ಮ ಬೆಟ್ಟ ಒಂದು ಕೊಕ್ಕೆ ಇಟ್ಟಿದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಕೊಯಮತ್ತೂರು 410ರ ಸುಮಾರು. ಅಲ್ಲಿ ಗಾಳಿಯ ಒತ್ತಡ ಶೇ 9ರಷ್ಟು ಹೆಚ್ಚು. ಥ್ರಾಟಲ್ ಕೋನ ಮತ್ತು ಆರ್‌ಪಿಎಂ ಮಾತ್ರ ನೋಡಿ ಇಂಧನ ಸುರಿಯುವ ಇಸಿಯುವನ್ನು ಮಡಿಕೇರಿಯಲ್ಲಿ ಟ್ಯೂನ್ ಮಾಡಿ ಘಟ್ಟ ಇಳಿಸಿದರೆ ಗಾಳಿ ಹೆಚ್ಚು, ಪೆಟ್ರೋಲ್ ಅಷ್ಟೇ. ಮಿಶ್ರಣ ತೆಳುವಾಗಿ ಇಂಜಿನ್ ಕಾಯುತ್ತದೆ. 22 ಕಿ.ಮೀ. ಎಂಡ್ಯೂರೆನ್ಸಿನ ನಡುವೆ ಚಾಲಕ ಬದಲಿಸಲು 3 ನಿಮಿಷ ನಿಲ್ಲಿಸಿದಾಗ ನೀರಿನ ಪಂಪೂ ನಿಂತು, ಕಾದ ಇಂಜಿನ್ ಇನ್ನಷ್ಟು ಕಾದು, ಮತ್ತೆ ಸ್ಟಾರ್ಟ್ ಆಗದೆ ಕೈಕೊಡುತ್ತದೆ. ಬ್ಯಾರೋಮೀಟರ್ ತಿದ್ದುಪಡಿ ಇರುವ ಸೆನ್ಸರ್ ಹಾಕುವುದು ಅಷ್ಟೇನೂ ದುಬಾರಿಯಲ್ಲ.

ಕಣಕ್ಕೂ ಒಂದು ಗೇಟು

ಅಭ್ಯಾಸದ ದಿನಕ್ಕೆ ನಿಯಮ ಬರೆಯುವುದು ಕಷ್ಟವಲ್ಲ, ಜಾರಿ ಕಷ್ಟ ಅನ್ನುವ ಮಾತಿದೆ. ಜಾರಿಗೆ ಒಂದು ದಾರಿ ಇದೆ. ಸ್ಪರ್ಧೆಗೆ ಬರುವ ತಂಡ ಕನಿಷ್ಠ ಇಂತಿಷ್ಟು ಕಿ.ಮೀ. ಅಭ್ಯಾಸದ ದಾಖಲೆ ತರಬೇಕು. ಪ್ರತಿ ದಿನದ ಹಾಳೆಯಲ್ಲಿ ಜಾಗ, ಚಾಲಕ, ಹವೆ, ಬೋಲ್ಟುಗೆರೆ ತಪಾಸಣೆ, ಬ್ರೇಕ್ ಪರೀಕ್ಷೆ, ಇನ್ಸುಲೇಷನ್ ಅಳತೆ, ಏನು ಮುರಿಯಿತು ಎಂಬುದು ಇರಬೇಕು. ಕಾರಿನ ಡೇಟಾ ಲಾಗರಿನ ಫೈಲು ಅದಕ್ಕೆ ಹೊಂದಬೇಕು. ಕೈಬರಹದ ಹಾಳೆಯನ್ನು ಒಂದೇ ರಾತ್ರಿ ಕೂತು ತುಂಬಿಸಬಹುದು. ಲಾಗರಿನ ಫೈಲು ಹಾಗೆ ಹುಟ್ಟುವುದಿಲ್ಲ.

ಕಣದ ಅಂಚಿಗೆ ಸಾಮಾನ್ಯವಾಗಿ ಒಂದು ಗೇಣಿನ ಕಟ್ಟೆ ಇರುತ್ತದೆ, ಕಾಫಿ ಹೊರಗುರುಳದಿರಲಿ ಎಂದು. ನೆಲಕ್ಕೆ ಅಂಟಿದಂತಿರುವ ಫಾರ್ಮುಲಾ ಕಾರಿಗೆ ಅದು ಗೋಡೆಗೆ ಸಮ. ಅಡ್ಡ ಜಾರಿ ಬಡಿದರೆ ಚಕ್ರ ಕಿತ್ತು ಕಾರು ಮಗುಚಬಹುದು. ಆದ್ದರಿಂದ ಓಡುದಾರಿಗೂ ಕಟ್ಟೆಗೂ ನಡುವೆ ಖಾಲಿ ಜಾಗ ಬೇಕು. ಎಷ್ಟು? ಗಂಟೆಗೆ 60 ಕಿ.ಮೀ. ವೇಗದಿಂದ ಒಳ್ಳೆಯ ಹಿಡಿತದಲ್ಲಿ ನಿಲ್ಲಲು 14 ಮೀಟರ್ ಸಾಕು. ಕಾಫಿ ಸಿಪ್ಪೆಯ ಧೂಳು ಕೂತ ಸಿಮೆಂಟಿನಲ್ಲಿ ಹಿಡಿತ ಅರ್ಧಕ್ಕಿಳಿದರೆ 28 ಮೀಟರ್, ಅದೂ ಚಾಲಕ ಬೆಚ್ಚಿ ಬ್ರೇಕ್ ಒತ್ತುವ ಸಮಯ ಬಿಟ್ಟು. 40 ಮೀಟರಿನ ಕಣದಲ್ಲಿ ಅಷ್ಟು ಜಾಗ ಉಳಿಯುವುದಿಲ್ಲ. ಹಾಗಾಗಿ ಸ್ಕಿಡ್‌ಪ್ಯಾಡ್ ನಿಧಾನಗತಿಯಲ್ಲಿ ಮಾಡಬಹುದು, ಆಕ್ಸಿಲರೇಷನ್ ಖಂಡಿತ ಮಾಡಬಾರದು. 75 ಮೀಟರ್ ಓಡಲು, ಆಮೇಲೆ ನಿಲ್ಲಲು ಕನಿಷ್ಠ 100 ಮೀಟರ್, ಎರಡೂ ಬದಿ ಮರವಿಲ್ಲದೆ ಬೇಕು. ತೋಟದೊಳಗೆ ಅಂಥ ಜಾಗ ಸಿಗುವುದು ಅಪರೂಪ. ಅದಕ್ಕೆ ಬಾಡಿಗೆಗೆ ಟ್ರ್ಯಾಕ್ ಹಿಡಿಯಬೇಕು, ಎರಡು ಮೂರು ಕಾಲೇಜು ಸೇರಿ ಹಿಡಿದರೆ ಹಗುರ.

ಅಭ್ಯಾಸದ ದಿನ ಒಬ್ಬರಿಗೆ ಓಟ ನಿಲ್ಲಿಸುವುದೊಂದೇ ಕೆಲಸ. ಅವರು ಕಾರಿನ ತಂಡದವರಾಗಿರಬಾರದು. ಕೈಯಲ್ಲಿ ಕೆಂಪು ಬಾವುಟ ಇರಬೇಕು. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳೂ ನಾಯಿಗಳೂ ಕಾರಿನ ಸದ್ದಿಗೆ ಓಡಿ ಬರುತ್ತವೆ, ಆದ್ದರಿಂದ ಬೇಲಿಯ ಹೊರಗೆ ಇನ್ನೊಬ್ಬರು ಬೇಕು. ಕಾರಿನ ಎರಡು ಬದಿಗೆ ಒಂದೊಂದು ಅಗ್ನಿಶಾಮಕ. ಸ್ಪರ್ಧೆ ಕೇಳುವುದು 0.9 ಕೆ.ಜಿ. ಒಣಪುಡಿಯದ್ದು, ಕಣಕ್ಕೆ ಅದರ ಜತೆ ದೊಡ್ಡದೊಂದು ಇದ್ದರೆ ಒಳ್ಳೆಯದು. ಲಿಥಿಯಂ ಬ್ಯಾಟರಿಯ ಬೆಂಕಿಗೆ ಪುಡಿ ಸಾಲದು, ಅದು ಜ್ವಾಲೆ ಅಡಗಿಸಿದರೂ ಸೆಲ್ ತಣಿಸುವುದಿಲ್ಲ. ನೀರು ಬೇಕು, ಬಹಳ ನೀರು, ಮತ್ತು ದೂರ ಓಡುವ ಬುದ್ಧಿ. ಹೆಲ್ಮೆಟ್ ಕಾರು ರೇಸಿಗೆಂದೇ ಪರೀಕ್ಷಿಸಿದ ಸ್ನೆಲ್ ಎಸ್‌ಎ ಅಥವಾ ಎಫ್‌ಐಎ ಮುದ್ರೆಯದ್ದು. ಬೈಕಿನ ಐಎಸ್‌ಐ ಹೆಲ್ಮೆಟ್ಟಿನ ಒಳಪದರಕ್ಕೆ ಬೆಂಕಿ ತಡೆಯುವ ಪರೀಕ್ಷೆ ನಡೆದಿರುವುದಿಲ್ಲ. ಸೂಟಿನೊಳಗೆ ಪಾಲಿಯೆಸ್ಟರ್ ಜೆರ್ಸಿ ಬೇಡ, ಕರಗಿ ಚರ್ಮಕ್ಕೆ ಅಂಟುತ್ತದೆ. ಕಟ್ಟಿದ ಬೆಲ್ಟು ಬಿಚ್ಚಿ 5 ಸೆಕೆಂಡಿನಲ್ಲಿ ಹೊರಬರುವುದನ್ನು ಪ್ರತಿ ಚಾಲಕರೂ ಅಭ್ಯಾಸದ ದಿನವೂ ಮಾಡಿ ತೋರಿಸಬೇಕು. ಮೊದಲ ಓಟಕ್ಕೆ ಮುಂಚೆ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗುವುದನ್ನು ನಿಧಾನ ವೇಗದಲ್ಲಿ ನೋಡಬೇಕು. ರಾತ್ರಿಯಿಡೀ ಬೆಸುಗೆ ಹಾಕಿದವನು ಬೆಳಗ್ಗೆ ಸ್ಟೀರಿಂಗ್ ಹಿಡಿಯಬಾರದು. ಈ ಕೊನೆಯದನ್ನು ಪಾಲಿಸುವ ತಂಡ ಬಲು ಅಪರೂಪ.

ಬಾಹಾದವರಿಗೆ ಇಲ್ಲಿನ ಕೆಸರು ವರದಾನವೇ. 25 × 3 ಮಿ.ಮೀ. ಪೈಪಿನ ಪಂಜರ, ಸಣ್ಣ ಇಂಜಿನ್, 4 ಗಂಟೆಯ ಎಂಡ್ಯೂರೆನ್ಸ್. ಅಲ್ಲಿ ಅಪಾಯ ವೇಗದ್ದಲ್ಲ, ಮಗುಚುವುದರದ್ದು. ಪಂಜರದಾಚೆ ಕೈ ಚಾಚುವುದು ಮನುಷ್ಯನ ಸಹಜ ಪ್ರತಿಕ್ರಿಯೆ. ಅದಕ್ಕೇ ಕೈಯನ್ನು ಒಳಗೇ ಹಿಡಿದಿಡುವ ತೋಳುಪಟ್ಟಿ ಕಡ್ಡಾಯ. ಅಭ್ಯಾಸದಲ್ಲಿ ಅದನ್ನೇ ಮೊದಲು ಬಿಚ್ಚಿಡುತ್ತಾರೆ.

ಕಾರು ಸಾಗಿಸುವುದೂ ಲೆಕ್ಕಕ್ಕೆ ಬರಬೇಕು. ಮೈಸೂರು, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಹೋಗುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ಪಿಕಪ್ಪಿನಲ್ಲಿ ಕಾರನ್ನು ಸಸ್ಪೆನ್ಷನ್ ತೋಳಿಗೆ ಪಟ್ಟಿ ಕಟ್ಟಿ ಎಳೆದರೆ ತೋಳು ಬಾಗುತ್ತದೆ. ಚಾಸಿಗೆ ಕಟ್ಟಿ ಸ್ಪ್ರಿಂಗ್ ಕುಣಿಯಲು ಬಿಟ್ಟರೆ ಪಟ್ಟಿ ಸಡಿಲವಾಗುತ್ತದೆ. ಚಾಸಿಯಡಿ ಮರದ ದಿಮ್ಮಿ ಕೊಟ್ಟು, ಚಾಸಿಯನ್ನೇ ನಾಲ್ಕು ಮೂಲೆಗೆ ಅಡ್ಡಡ್ಡ ಕಟ್ಟಬೇಕು. ಬ್ಯಾಟರಿ ಪೆಟ್ಟಿಗೆಯ ಭಾಗಗಳನ್ನು (ಸೆಗ್ಮೆಂಟು) ಜೋಡಿಸುವ ಮೆಂಟೆನೆನ್ಸ್ ಪ್ಲಗ್ ಕಿತ್ತು, ಅವನ್ನು ಬೇರ್ಪಡಿಸಿ ಒಯ್ಯಬೇಕು. ಇಳಿಸಿದ ಮೇಲೆ ಬಿಳಿ ಗೆರೆಗಳನ್ನು ಇನ್ನೊಮ್ಮೆ ನೋಡಬೇಕು.

ಹತ್ತು ಅಂಕ ಎಷ್ಟು ಸೆಕೆಂಡ್?

ಫಾರ್ಮುಲಾ ಎಸ್‌ಎಇಯ ಒಟ್ಟು 1,000 ಅಂಕದಲ್ಲಿ ವಿನ್ಯಾಸಕ್ಕೆ 150, ವೆಚ್ಚಕ್ಕೆ 100, ಪ್ರೆಸೆಂಟೇಷನ್‌ಗೆ 75. ಓಟಗಳಲ್ಲಿ ಆಕ್ಸಿಲರೇಷನ್ 100, ಸ್ಕಿಡ್‌ಪ್ಯಾಡ್ 75, ಆಟೋಕ್ರಾಸ್ 125, ಎಂಡ್ಯೂರೆನ್ಸ್ 275, ಇಂಧನ ದಕ್ಷತೆ 100. ಬೇರೆ ಸ್ಪರ್ಧೆಗಳಲ್ಲಿ ಹಂಚಿಕೆ ಸ್ವಲ್ಪ ಆಚೀಚೆ.

ಆಕ್ಸಿಲರೇಷನ್‌ಗೆ ಅಂಕ ಕೊಡುವುದು ಸೂತ್ರ. ಗೆದ್ದ ಕಾರು 4 ಸೆಕೆಂಡಿನಲ್ಲಿ ಮುಗಿಸಿತು ಅನ್ನೋಣ. ಗಡಿ ಅದರ ಒಂದೂವರೆ ಪಟ್ಟು, 6 ಸೆಕೆಂಡ್. 5 ಸೆಕೆಂಡ್ ತೆಗೆದುಕೊಂಡವರಿಗೆ ಸಿಗುವುದು 42.7 ಅಂಕ. ಇನ್ನು 10 ಅಂಕ ಬೇಕಾದರೆ 4.79ಕ್ಕೆ ಇಳಿಸಬೇಕು. ಒಂದು ಸೆಕೆಂಡಿನ ಐದನೇ ಒಂದು ಭಾಗ. ಅದಕ್ಕಾಗಿ ತಂಡ ಟೈರು, ಗೇರು, ತೂಕದ ಮೇಲೆ ತಿಂಗಳುಗಟ್ಟಲೆ ಬೆವರು ಸುರಿಸುತ್ತದೆ. ವಿನ್ಯಾಸದ ಮೇಜಿನಲ್ಲಿ ಅದೇ 10 ಅಂಕ ಒಬ್ಬ ತೀರ್ಪುಗಾರರ ಪೆನ್ನಿನ ಒಂದು ಎಳೆತ. ಓಟದ ಗಡಿಯಾರ ಎಲ್ಲರಿಗೂ ಒಂದೇ. ತೀರ್ಪುಗಾರರ ಗುಂಪು ತಂಡಗಳ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬೇರೆ. ಮೊದಲ ಸುತ್ತಿನಲ್ಲಿ ತಂಡಗಳನ್ನು ಹಂಚಿ, ಒಂದೊಂದು ಸಾಲಿಗೆ ಒಂದೊಂದು ಗುಂಪು ಕೂರುವಲ್ಲಿ ಕೈ ಬಿಗಿಯವರ ಸಾಲಿಗೆ ಬಿದ್ದ ತಂಡಕ್ಕೆ ನಷ್ಟ.

ಇದನ್ನು ಸರಿಪಡಿಸಲು ದುಬಾರಿ ಸಾಧನ ಬೇಡ. ಬೆಳಗ್ಗೆ ಎಲ್ಲ ತೀರ್ಪುಗಾರರೂ ಸ್ಪರ್ಧೆಯಲ್ಲಿಲ್ಲದ ಒಂದೇ ಹಳೆಯ ಕಾರನ್ನು ನೋಡಿ ಅಂಕ ಹಾಕಲಿ, ಹೋಲಿಸಿಕೊಳ್ಳಲಿ. ನಂತರ ಪ್ರತಿಯೊಬ್ಬರೂ ಮಾತಾಡಿಕೊಳ್ಳುವ ಮುಂಚೆಯೇ ತಮ್ಮ ಅಂಕ ಬರೆದುಬಿಡಲಿ, ಇಲ್ಲವಾದರೆ ಹಿರಿಯರ ಅಭಿಪ್ರಾಯವೇ ಎಲ್ಲರದ್ದಾಗುತ್ತದೆ. ಸಸ್ಪೆನ್ಷನ್‌ಗೆ 25 ಅಂಕವಿದ್ದರೆ 5 ಯಾವುದಕ್ಕೆ, 15 ಯಾವುದಕ್ಕೆ, 25 ಯಾವುದಕ್ಕೆ ಎಂದು ಉದಾಹರಣೆ ಸಮೇತ ಬರೆದಿರಲಿ: ಬೇರೆ ಕಾರಿನ ನಕಲು ಮತ್ತು ಕಾರಣ ಗೊತ್ತಿಲ್ಲ ಎಂದರೆ 5; ಲೆಕ್ಕವಿದೆ, ಅಳತೆ ಇಲ್ಲ ಎಂದರೆ 15; ಲೆಕ್ಕ, ಅಳತೆ ಎರಡೂ ಇವೆ, ಅವು ಯಾಕೆ ಹೊಂದಲಿಲ್ಲ ಎಂಬುದಕ್ಕೆ ಉತ್ತರವೂ ಇದೆ ಎಂದರೆ 25. ಸಾಲುಗಳ ಸರಾಸರಿ ತೀರ ಏರುಪೇರಾಗಿದ್ದರೆ ಸಂಖ್ಯಾಶಾಸ್ತ್ರದಿಂದ ಹೊಂದಿಸಲಿ, ಹೊಂದಿಸಿದ್ದನ್ನು ಹೇಳಲಿ.

ಕೊಡವ ಕೌಟುಂಬಿಕ ಹಾಕಿಯ ಗ್ಯಾಲರಿಯಲ್ಲಿ ಕೂತ ಅಜ್ಜನೂ ಪೆನಾಲ್ಟಿ ಕಾರ್ನರ್ ಯಾಕೆ ಕೊಟ್ಟರೆಂದು ವಾದಿಸಬಲ್ಲರು, ಯಾಕೆಂದರೆ ನಿಯಮ ಅವರಿಗೂ ಗೊತ್ತು, ಕಂಡದ್ದೂ ಎಲ್ಲರಿಗೂ ಕಂಡದ್ದೇ. ವಿನ್ಯಾಸದ ಮೇಜಿನಲ್ಲಿ ತಂಡಕ್ಕೆ ಕೊನೆಗೆ ಸಿಗುವುದು ಬರೀ ಒಂದು ಸಂಖ್ಯೆಯಾದರೆ ವಾದಕ್ಕೂ ಆಧಾರವಿಲ್ಲ, ಕಲಿಕೆಗೂ ಇಲ್ಲ. ಫಾರ್ಮುಲಾ ಎಸ್‌ಎಇಯಲ್ಲಿ ಪ್ರತಿಭಟನೆ ಸಲ್ಲಿಸುವ ತಂಡ 25 ಅಂಕ ಪಣಕ್ಕಿಡಬೇಕು, ವಾದ ಬಿದ್ದರೆ ಅಂಕವೂ ಹೋಯಿತು. ಸುಮ್ಮನೆ ಕಿರಿಕಿರಿ ಮಾಡುವವರನ್ನು ತಡೆಯಲು ಅದು ಸರಿ. ಆದರೆ ಕಾರಣವನ್ನೇ ಹೇಳದ ತೀರ್ಪಿನ ಮುಂದೆ ಪಣ ಇಡು ಅನ್ನುವುದು ಕಣ್ಣು ಕಟ್ಟಿ ಇಸ್ಪೀಟು ಆಡಿಸಿದಂತೆ. ಪ್ರತಿ ವಿಭಾಗಕ್ಕೂ ಎರಡು ಸಾಲಿನ ಕಾರಣವನ್ನು ಬರಹದಲ್ಲಿ ಕೊಟ್ಟ ಮೇಲೆ ಪಣ ಕೇಳಲಿ. ತಾನು ಓದಿದ ಕಾಲೇಜಿನ, ತನ್ನ ಕಂಪನಿ ಪ್ರಾಯೋಜಿಸಿದ ತಂಡದ ಮೇಜಿನಿಂದ ತೀರ್ಪುಗಾರರು ಏಳಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಭಾಷೆಯ ಮಾತು ಯಾರೂ ಎತ್ತುವುದಿಲ್ಲ. ‘ಈ ತೋಳು ಇಷ್ಟೇ ಉದ್ದ ಯಾಕೆ?’ ಎಂದಾಗ ಒಬ್ಬ ‘ಸಾಫ್ಟ್‌ವೇರಿನಲ್ಲಿ ಆಪ್ಟಿಮೈಸ್ ಮಾಡಿದ್ದೇವೆ’ ಎಂದು ಸಲೀಸಾದ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಸೋಮವಾರಪೇಟೆಯ ಕನ್ನಡ ಶಾಲೆಯಿಂದ ಬಂದ ಹುಡುಗಿ ತಡವರಿಸುತ್ತಾಳೆ. ಅವಳಿಗೆ ಕನ್ನಡದಲ್ಲಿ ಬಿಟ್ಟರೆ, ‘ಮೇಲಿನ ತೋಳು ಗಿಡ್ಡ ಇದ್ದರೆ ಕಾರು ವಾಲಿದಾಗ ಹೊರಗಿನ ಚಕ್ರದ ತಲೆ ಒಳಕ್ಕೆ ಎಳೆದುಕೊಳ್ಳುತ್ತದೆ, ಟೈರು ನೆಲಕ್ಕೆ ಚಪ್ಪಟೆ ಕೂರುತ್ತದೆ, ತೀರ ಗಿಡ್ಡ ಮಾಡಿದರೆ ಬ್ರೇಕ್ ಹಾಕಿ ಮೂತಿ ಬಗ್ಗಿದಾಗ ಹಿಡಿತ ಹೋಗುತ್ತದೆ, ಅದಕ್ಕೆ ಇಲ್ಲಿಗೆ ನಿಲ್ಲಿಸಿದೆವು’ ಎನ್ನಬಲ್ಲಳು. ಎರಡನೆಯದು ಉತ್ತರ, ಮೊದಲನೆಯದು ಅಲ್ಲ. ಕೊಯಮತ್ತೂರಿನಲ್ಲಿ ನಡೆಯುವ ಸ್ಪರ್ಧೆಯಲ್ಲಿ ತಮಿಳು, ಕನ್ನಡ, ಮಲಯಾಳ, ಹಿಂದಿ ಬಲ್ಲ ಒಬ್ಬೊಬ್ಬ ಇಂಜಿನಿಯರ್ ತೀರ್ಪುಗಾರರು ಸಿಗದಿರುವಷ್ಟು ದೇಶ ಬಡವಾಗಿಲ್ಲ. ಪ್ರೆಸೆಂಟೇಷನ್‌ನ 75 ಅಂಕದಲ್ಲಿ ಬೇಕಾದರೆ ಇಂಗ್ಲಿಷ್ ಅಳೆಯಲಿ, ವಿನ್ಯಾಸದ 150ರಲ್ಲಿ ಬೇಡ.

ಸುರಕ್ಷತೆಗೆ ಅಂಕ ಕೊಡಬೇಕೇ ಎಂಬ ಚರ್ಚೆಯೂ ಇದೆ. ಬೆಲ್ಟಿಗೆ ಹತ್ತಕ್ಕೆ ಏಳು ಎಂಬುದು ಅಸಂಬದ್ಧ. ಅದು ಪಾಸು ಇಲ್ಲವೇ ಫೇಲು. ಅಂಕ ಸಿಗಬೇಕಾದದ್ದು ಅಭ್ಯಾಸದ ದಾಖಲೆಗೆ. ವಿನ್ಯಾಸದ 150ರಲ್ಲಿ 20 ಅಂಕವನ್ನಾದರೂ ‘ಏನು ಮುರಿಯಿತು, ಯಾಕೆ ಮುರಿಯಿತು, ಏನು ಬದಲಿಸಿದಿರಿ’ ಎಂಬ ಪುಸ್ತಕಕ್ಕೆ ಇಟ್ಟರೆ ಮುರಿದದ್ದನ್ನು ಬಚ್ಚಿಡುವ ಚಟ ಕಡಿಮೆಯಾದೀತು. ಏನೂ ಮುರಿದಿಲ್ಲ ಎಂದು ಬರೆದ ಪುಸ್ತಕಕ್ಕೆ ಸೊನ್ನೆ. ಓಡಿಸಿದ ಕಾರು ಮುರಿಯದೆ ಇರುವುದಿಲ್ಲ.

ಬಚ್ಚಿಡುವ ಚಟಕ್ಕೆ ದೊಡ್ಡ ಗೊಬ್ಬರ ಎಂಡ್ಯೂರೆನ್ಸಿನ ಅಂಕಪದ್ಧತಿ. ಅದರ 275, ದಕ್ಷತೆಯ 100 ಸೇರಿ ಮೂರನೇ ಒಂದು ಭಾಗಕ್ಕೂ ಮೀರಿದ ಅಂಕ ಒಂದೇ ಓಟದಲ್ಲಿದೆ. ಮುಗಿಸದವರಿಗೆ ಬಹುತೇಕ ಸೊನ್ನೆ. 18ನೇ ಕಿ.ಮೀ.ನಲ್ಲಿ ಬ್ರೇಕ್ ಪೆಡಲ್ ಮೆತ್ತಗಾದದ್ದು ಚಾಲಕನಿಗೆ ಗೊತ್ತಾದರೆ ಅವನು ನಿಲ್ಲಿಸುತ್ತಾನೆಯೇ? ನಿಲ್ಲಿಸಿದರೆ ವರ್ಷದ ದುಡಿಮೆ ನೀರುಪಾಲು. ಮಾರ್ಷಲ್ ಕಣ್ಣಿಗೆ ಎಣ್ಣೆ ಸೋರುವುದು ಬೀಳದಿದ್ದರೆ ಇನ್ನು 4 ಕಿ.ಮೀ. ಅಷ್ಟೇ. 20 ವರ್ಷದ ಹುಡುಗನ ಮುಂದೆ ಈ ಆಯ್ಕೆ ಇಡುವುದೇ ನಿಯಮದ ದೋಷ. ತಾನಾಗಿ ನಿಲ್ಲಿಸಿ ಕಾರಣ ಹೇಳಿದ ಕಾರಿಗೆ, ಆಮೇಲಿನ ತಪಾಸಣೆಯಲ್ಲಿ ಆ ದೋಷ ನಿಜವೆಂದು ಕಂಡರೆ, ಓಡಿದ ದೂರಕ್ಕೆ ತಕ್ಕಂತೆ ಅರ್ಧದಷ್ಟಾದರೂ ಅಂಕ ಕೊಡಬೇಕು. ಸೋಲುತ್ತಿರುವ ತಂಡ ನೆಪ ಹೂಡಬಹುದೆಂಬ ಆಕ್ಷೇಪ ಬರುತ್ತದೆ. ಈ ಅರ್ಧ ಅಂಕ, ಪೂರ್ತಿ ಓಡಿದರೆ ಸಿಗುತ್ತಿದ್ದುದಕ್ಕಿಂತ ಯಾವಾಗಲೂ ಕಡಿಮೆಯಾಗುವಂತೆ ಸೂತ್ರ ಬರೆದರೆ ನೆಪಕ್ಕೆ ಲಾಭವಿರುವುದಿಲ್ಲ. ಅದೇ ಅಂಕ ಮಾರ್ಷಲ್ ಕಪ್ಪು ಬಾವುಟ ತೋರಿಸಿ ಹೊರಗೆ ಕರೆದ ಕಾರಿಗೆ ಸಿಗಬಾರದು. ಮೊದಲು ಕಂಡದ್ದು ಚಾಲಕನಿಗೋ ಮಾರ್ಷಲ್‌ಗೋ ಎಂಬುದು ರೇಡಿಯೊ ದಾಖಲೆಯಲ್ಲೇ ಇರುತ್ತದೆ.